ಅರ್ಜಿಯೊಂದಿಗೆ ಲಗತ್ತಿಸುವ ವೀಡಿಯೊ ಕಡತದ ಗಾತ್ರ ಮತ್ತು ಗುಣಮಟ್ಟ: ಸಾರ್ವಜನಿಕರಿಗೆ ಮಾಹಿತಿ

ಹಾವೇರಿ, ರಾಣೆಬೆನ್ನೂರು ಹಾಗೂ ಬ್ಯಾಡಗಿ ತಾಲ್ಲೂಕುಗಳ ಸಾರ್ವಜನಿಕರು ಬೆಳೆ ಹಾನಿ, ಮನೆ ಹಾನಿ ಮುಂತಾದ ಅರ್ಜಿಗಳೊಂದಿಗೆ ವೀಡಿಯೊ ಲಗತ್ತಿಸುವಾಗ ಈ ಕೆಳಕಂಡ ಅಂಶಗಳನ್ನು ಗಮನಿಸತಕ್ಕದ್ದು.

1. ಗಾತ್ರದ ಲೆಕ್ಕ: ಬಿಟ್‌ರೇಟನ್ನು (ಸೆಕೆಂಡಿಗೆ ಮೆಗಾಬಿಟ್) ಒಟ್ಟು ಸೆಕೆಂಡುಗಳಿಂದ ಗುಣಿಸಿ 8ರಿಂದ ಭಾಗಿಸಿದಲ್ಲಿ ಕಡತದ ಗಾತ್ರವು ಎಂಬಿಯಲ್ಲಿ ದೊರೆಯುತ್ತದೆ. ಉದಾ: 1 ನಿಮಿಷದ ವೀಡಿಯೊ 16 ಮೆಗಾಬಿಟ್ ದರದಲ್ಲಿ 120 ಎಂಬಿ, 2.4 ಮೆಗಾಬಿಟ್ ದರದಲ್ಲಿ 18 ಎಂಬಿ.

2. ಆಯ್ಕೆಗಳು: ಎಂಪಿ4 ಕಡತ, ಎಚ್.264 ವಿಧಾನ, 1280×720 ಅಳತೆ ಸಾಮಾನ್ಯವಾಗಿ ಸಾಕಾಗುತ್ತದೆ. ಎಚ್.265 ವಿಧಾನದಲ್ಲಿ ಗಾತ್ರ ಇನ್ನೂ ಕಡಿಮೆಯಾಗುವುದಾದರೂ ಹಳೆಯ ಗಣಕಯಂತ್ರಗಳಲ್ಲಿ ಕಡತ ತೆರೆಯದಿರಬಹುದು.

3. ದೃಶ್ಯದ ಸ್ವರೂಪ: ಹರಿಯುವ ನೆರೆ ನೀರು, ಗಾಳಿಗೆ ಅಲುಗುವ ಮೆಕ್ಕೆಜೋಳ ಇವುಗಳಿಗೆ ಹೆಚ್ಚಿನ ಬಿಟ್‌ರೇಟ್ ಅವಶ್ಯ. ಆದ್ದರಿಂದ ಕೈ ಅಲುಗದಂತೆ ಚಿತ್ರೀಕರಿಸುವುದು. ಸಂಕುಚಿತ ವೀಡಿಯೊದಲ್ಲಿ ವರ್ಣದ ವಿವರವು ಸಾಮಾನ್ಯವಾಗಿ ಬೆಳಕಿನ ವಿವರದ ಕಾಲುಭಾಗ ಮಾತ್ರ ಉಳಿಯುವುದರಿಂದ, ಮೆಣಸಿನಕಾಯಿಯ ಮೇಲಿನ ಕಲೆ, ಕೊಳೆ ಇತ್ಯಾದಿಗಳನ್ನು ಸಮೀಪದಿಂದ ಚಿತ್ರೀಕರಿಸುವುದು.

4. ಪರಿಶೀಲನೆ: ಸರ್ವೆ ಕಲ್ಲು, ಗೋಡೆಯ ಮೇಲಿನ ನೀರಿನ ಗುರುತು ಸ್ಪಷ್ಟವಾಗಿ ಕಾಣದಿದ್ದಲ್ಲಿ ಬಿಟ್‌ರೇಟ್ ಹೆಚ್ಚಿಸಿ, ಅವಧಿಯನ್ನು ಕಡಿತಗೊಳಿಸುವುದು.

5. ಮೂಲ ಕಡತ: ಒಮ್ಮೆ ನಷ್ಟವಾದ ವಿವರವನ್ನು ಮರಳಿ ಪಡೆಯಲಾಗದು. ವಾಟ್ಸ್‌ಆಪ್‌ನಲ್ಲಿ ವೀಡಿಯೊ ಆಗಿ ಬಂದ ಪ್ರತಿಯು ಈಗಾಗಲೇ ಸಂಕುಚಿತಗೊಂಡಿರುತ್ತದೆ; ಪ್ರತಿ ಬಾರಿಯೂ ಮೂಲ ಕಡತದಿಂದಲೇ ಪ್ರತಿ ತಯಾರಿಸುವುದು. ದಿನಾಂಕ 1-7-2024ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮ, 2023ರ ಕಲಂ 63ರ ಪ್ರಮಾಣಪತ್ರದಲ್ಲಿ ಕಡತದ ಹ್ಯಾಷ್ ಮೌಲ್ಯ ನಮೂದಿಸಬೇಕಾಗುತ್ತದೆ. ಸಂಕುಚಿತ ಪ್ರತಿಯ ಹ್ಯಾಷ್ ಮೌಲ್ಯ ಬೇರೆಯಾಗಿರುತ್ತದೆ. ಪ್ರಕರಣವು ನ್ಯಾಯಾಲಯಕ್ಕೆ ಹೋಗುವ ಸಂಭವವಿರುವುದರಿಂದ ಅರ್ಜಿ ಇತ್ಯರ್ಥವಾದ ನಂತರವೂ ಮೂಲ ಕಡತವನ್ನು ಅಳಿಸದೆ ಕಾಯ್ದಿರಿಸಿಕೊಳ್ಳಲು ಕೋರಲಾಗಿದೆ.