ಚೀಲದೊಳಗಿನ ನೀಲಿ: ಜಮಖಂಡಿ–ಮುಧೋಳ ಸೀಮೆಯಲ್ಲಿ ಮೂತ್ರನಳಿಕೆಯ ಅಪರೂಪದ ತೊಡಕುಗಳು

ಪ್ರಾಸ್ಟೇಟ್ ದಪ್ಪಗಾದ ಹಿರಿಯರು, ಪಾರ್ಶ್ವವಾಯು ಬಡಿದವರು, ಬೆನ್ನುಹುರಿಗೆ ಪೆಟ್ಟು ಬಿದ್ದವರು ‘ಪೈಪ್’ ಹಾಕಿಸಿಕೊಂಡು ಮನೆಗೆ ಮರಳಿ ತಿಂಗಳುಗಟ್ಟಲೆ ಕಳೆಯುತ್ತಾರೆ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ–ಬನಹಟ್ಟಿಯ ಹಳ್ಳಿಗಳಲ್ಲಿ ತೊಡಕು ಮೊದಲು ಕಾಣುವುದು ಚೀಲ ಬರಿದು ಮಾಡುವ ಸೊಸೆಗೆ, ಮಗನಿಗೆ. ಆದ್ದರಿಂದ ಅಪರೂಪದ ತೊಡಕುಗಳ ತಿಳಿವಳಿಕೆ ತಜ್ಞರಲ್ಲೇ ಉಳಿದರೆ ಸಾಲದು.

ಮೂತ್ರದ ಚೀಲ ನೀಲಿಯೋ ನೇರಳೆಯೋ ಆದಾಗ ಮನೆಮಂದಿ ಗಾಬರಿಯಾಗುವುದು ಸಹಜ. ಬಾರ್ಲೋ ಮತ್ತು ಡಿಕ್ಸನ್ 1978ರಲ್ಲಿ ಇದನ್ನು ವೈದ್ಯಲೋಕದ ಗಮನಕ್ಕೆ ತಂದರು. ನೇಕಾರರ ಈ ನಾಡಿಗೆ ಇದರ ರಸಾಯನ ಅಪರಿಚಿತವಲ್ಲ. ನೀಲಿಗಿಡದ ಎಲೆ ನೀರಲ್ಲಿ ಕೊಳೆತಾಗ ಇಂಡಾಕ್ಸಿಲ್ ಹೊರಬಂದು, ಗಾಳಿ ತಾಗಿ ನೀಲಿಯಾಗುತ್ತದೆ. ಕೊಪ್ಪರಿಗೆಯಿಂದ ಹಳದಿ-ಹಸಿರಾಗಿ ಎತ್ತಿದ ನೂಲು ಕಣ್ಣೆದುರೇ ನೀಲಿಗೆ ತಿರುಗುವುದೂ ಗಾಳಿ ತಾಗಿಯೇ. ರೋಗಿಯಲ್ಲೂ ನೀಲಿ ಹುಟ್ಟುವುದು ಇಂಡಾಕ್ಸಿಲ್‌ನಿಂದಲೇ. ಆಹಾರದ ಟ್ರಿಪ್ಟೊಫಾನ್ ಅನ್ನು ಕರುಳಿನ ಬ್ಯಾಕ್ಟೀರಿಯಾಗಳು ಇಂಡೋಲ್ ಆಗಿಸುತ್ತವೆ. ಯಕೃತ್ತಿನಲ್ಲಿ ಅದು ಇಂಡಾಕ್ಸಿಲ್ ಸಲ್ಫೇಟ್ ಆಗಿ ಮೂತ್ರಕ್ಕಿಳಿಯುತ್ತದೆ. ನಳಿಕೆಯಲ್ಲಿ ನೆಲೆಯೂರಿದ ಪ್ರಾವಿಡೆನ್ಸಿಯಾ, ಕ್ಲೆಬ್ಸಿಯೆಲ್ಲಾ, ಪ್ರೋಟಿಯಸ್‌ನಂಥ ಜೀವಾಣುಗಳು ಅದನ್ನು ಒಡೆದಾಗ ನೀಲಿ ಇಂಡಿಗೊ, ಕೆಂಪು ಇಂಡಿರುಬಿನ್ ಹುಟ್ಟಿ ಪ್ಲಾಸ್ಟಿಕ್ಕಿಗೆ ಹಿಡಿಯುತ್ತವೆ. ಮಲಬದ್ಧತೆಯಿಂದ ಇಂಡೋಲ್ ಹೆಚ್ಚುವುದರಿಂದ ಹಾಸಿಗೆ ಹಿಡಿದ ವೃದ್ಧೆಯರಲ್ಲಿ ಇದು ಹೆಚ್ಚು.

ಚಿಕಿತ್ಸೆ ಸರಳ: ನಳಿಕೆ, ಚೀಲ ಎರಡನ್ನೂ ಬದಲಿಸಬೇಕು, ಮಲಬದ್ಧತೆ ನೀಗಬೇಕು. ಜ್ವರ, ಚಳಿ, ನೋವು ಇಲ್ಲದಿದ್ದರೆ ಬಣ್ಣವೊಂದಕ್ಕೇ ಆಂಟಿಬಯೋಟಿಕ್ ಕೊಡುವುದು ತಪ್ಪು ಎಂದೇ ನನ್ನ ನಿಲುವು. ಸಕ್ಕರೆ ಕಾಯಿಲೆಯವರಿಗೆ ಜ್ವರ ಬಂದರೆ ಮಾತ್ರ ತಡ ಸಲ್ಲ.

ನಳಿಕೆ ಜಾರದಂತೆ ಮೂತ್ರಕೋಶದಲ್ಲಿ ಹಿಡಿದಿಡುವ ಬಲೂನು ಖಾಲಿಯಾಗದೆ ನಳಿಕೆ ಒಳಗೇ ಸಿಕ್ಕಿಕೊಳ್ಳುವುದು ಇನ್ನೊಂದು ಬಗೆಯ ತೊಡಕು. ಸಲೈನ್ ತುಂಬಿದರೆ ಉಪ್ಪಿನ ಹರಳು ಕಟ್ಟಿ ಸಣ್ಣ ನಾಳ ಮುಚ್ಚಬಹುದು. ಶುದ್ಧ ಸ್ಟೆರೈಲ್ ನೀರನ್ನೇ ಬಳಸಬೇಕೆನ್ನುವುದು ಅದಕ್ಕೆ. ಸಿರಿಂಜನ್ನು ಜೋರಾಗಿ ಎಳೆದರೆ ನಾಳ ಕುಸಿದು ಇನ್ನಷ್ಟು ಬಿಗಿಯಾಗುತ್ತದೆ. ಸಿರಿಂಜ್ ಜೋಡಿಸಿ ನೀರು ತಾನಾಗಿ ಬರಲು ಬಿಡಬೇಕು. ಬಾರದಿದ್ದರೆ ವಾಲ್ವನ್ನಷ್ಟೇ ಕತ್ತರಿಸಬೇಕು. ಇಡೀ ನಳಿಕೆಯನ್ನು ಕತ್ತರಿಸಿದರೆ ತುಂಡು ಒಳಗೆ ಸರಿದೀತು! ಮುಂದಿನ ಹೆಜ್ಜೆ ಬಲೂನಿನ ನಾಳಕ್ಕೆ ಗೈಡ್‌ವೈರ್ ತೂರಿಸುವುದು. ಅದೂ ಫಲಿಸದಿದ್ದರೆ ಅಲ್ಟ್ರಾಸೌಂಡ್ ನೋಡುತ್ತ ಕಿಬ್ಬೊಟ್ಟೆಯ ಮೇಲಿಂದ ಸೂಜಿ ಚುಚ್ಚುವುದು. ಅದನ್ನು ಬಾಗಲಕೋಟೆ ಅಥವಾ ಬೆಳಗಾವಿಯಂಥ ಊರಿನ ದೊಡ್ಡ ಆಸ್ಪತ್ರೆಗೆ ಬಿಡುವುದೇ ಲೇಸು. ನೀರು ತುಂಬುತ್ತ ಹೋಗಿ ಬಲೂನು ಒಡೆಸುವುದು, ಈಥರ್ ಹಾಕಿ ಕರಗಿಸುವುದು ಎರಡೂ ಅಪಾಯ. ಒಡೆದರೆ ಚೂರುಗಳು ಕಲ್ಲಿಗೆ ಬೀಜವಾಗುತ್ತವೆ, ಈಥರ್ ಮೂತ್ರಕೋಶವನ್ನು ಸುಡುತ್ತದೆ.

ಎದೆಯ ಆರನೆಯ ಕಶೇರುವಿನ ಮಟ್ಟದಲ್ಲಿ ಅಥವಾ ಅದಕ್ಕಿಂತ ಮೇಲೆ ಬೆನ್ನುಹುರಿ ಜಖಂಗೊಂಡವರಲ್ಲಿ ನಳಿಕೆ ಕಟ್ಟಿಕೊಂಡರೆ ರಕ್ತದೊತ್ತಡ ಥಟ್ಟನೆ ಏರುತ್ತದೆ. ತಲೆ ಸಿಡಿಯುತ್ತದೆ, ಮುಖ ಕೆಂಪಾಗಿ ಬೆವರುತ್ತದೆ. ಬಿ.ಪಿ. ಗುಳಿಗೆ ಹುಡುಕುವ ಮೊದಲು ರೋಗಿಯನ್ನು ಕೂರಿಸಿ, ಬಿಗಿಬಟ್ಟೆ ಸಡಿಲಿಸಿ, ನಳಿಕೆಯ ಮಡಚು ಬಿಡಿಸಬೇಕು. ಮೂತ್ರ ಹರಿಯದಿದ್ದರೆ ಕೂಡಲೇ ನಳಿಕೆ ಬದಲಾಯಿಸಬೇಕು. ಇದು ಮನೆಯವರಿಗೆ ಬಾಯಿಪಾಠವಾಗಿರಲೇಬೇಕು, ಏಕೆಂದರೆ ಆಂಬುಲೆನ್ಸ್ ಬರುವಷ್ಟರಲ್ಲಿ ಮೆದುಳಿನಲ್ಲಿ ರಕ್ತಸ್ರಾವವಾಗಬಹುದು.

ಬಿಡುಗಡೆ ಚೀಟಿಯಲ್ಲಿ ನಳಿಕೆಯ ಬಗೆ, ಅಳತೆ, ಬಲೂನಿಗೆ ತುಂಬಿದ ನೀರಿನ ಮಿಲಿಲೀಟರ್, ಬದಲಿಸಬೇಕಾದ ತಾರೀಖು ಇಷ್ಟನ್ನೂ ಕನ್ನಡದಲ್ಲಿ ಬರೆದು, ಓದಿ ಹೇಳಿ ಕಳಿಸಬೇಕು.