ಊಟ ಬಿಟ್ಟ ಸಾಕು ಹಾವು ಮಾಲೀಕರ ‘ಅಳತೆ’ ತೆಗೆಯುತ್ತದೆಯೇ? ಹೊಸ ಆಹಾರವನ್ನು ಹಾವು ಒಲ್ಲೆ ಎನ್ನುವುದೇಕೆ?

ವಾಟ್ಸಾಪ್‌ನಲ್ಲಿ ವರ್ಷಗಳಿಂದ ಸುತ್ತುತ್ತಿರುವ ಕಥೆಯೊಂದಿದೆ. ಮಹಿಳೆಯೊಬ್ಬರು ಸಾಕಿದ್ದ ಹೆಬ್ಬಾವು ವಾರಗಟ್ಟಲೆ ಊಟ ಬಿಡುತ್ತದೆ. ರಾತ್ರಿ ಅವರ ಪಕ್ಕದಲ್ಲೇ ಉದ್ದಕ್ಕೆ ಚಾಚಿ ಮಲಗುತ್ತದೆ. ಗಾಬರಿಯಾಗಿ ಪಶುವೈದ್ಯರ ಬಳಿ ಹೋದರೆ, ‘ಅದು ನಿಮ್ಮನ್ನು ನುಂಗಲು ಹೊಟ್ಟೆ ಖಾಲಿ ಮಾಡಿಕೊಂಡು ನಿಮ್ಮ ಅಳತೆ ತೆಗೆಯುತ್ತಿದೆ’ ಎಂದು ಅವರು ಹೇಳುತ್ತಾರೆ. ಊರು, ವೈದ್ಯರ ಹೆಸರು, ದಿನಾಂಕ ಯಾವುದೂ ಕಥೆಯಲ್ಲಿ ಇರುವುದಿಲ್ಲ.

ಸಂಡೂರು ತಾಲ್ಲೂಕಿನ ಕುರೆಕುಪ್ಪದ ಓದುಗರೊಬ್ಬರು ಇದನ್ನೇ ನಮಗೆ ಕಳಿಸಿ, ಜೊತೆಗೊಂದು ವಾಯ್ಸ್ ಮೆಸೇಜ್ ಹಾಕಿದ್ದರು: “ಐದು ವಾರ ಆತ್ರೀ ಮೇಡಂ, ಏನ್ ಕೊಟ್ರೂ ತಿನ್ನವಲ್ದು. ಮನ್ಯಾಗ ಸಣ್ಣ ಹುಡುಗ್ರು ಅದಾರ, ಅಂಜಿಕಿ ಬರ್ತದ.” ಅವರ ತಮ್ಮ ಬೆಂಗಳೂರಿನಿಂದ ಬಾಲ್ ಪೈಥಾನ್ ತಂದಿದ್ದಾರೆ. ಮಾರಿದವರು ಅದಕ್ಕೆ ಜೀವಂತ ಬಿಳಿ ಇಲಿ ಹಾಕುತ್ತಿದ್ದರಂತೆ. ಇಲ್ಲಿ ಕೋಳಿ ಮಾಂಸದ ತುಂಡು, ಮೊಟ್ಟೆ, ಕೊನೆಗೆ ಬಟ್ಟಲಲ್ಲಿ ಹಾಲು ಕೂಡ ಇಟ್ಟು ನೋಡಿದ್ದಾರೆ.

ಮೊದಲು ಅಂಜಿಕೆಯ ಮಾತು ಮುಗಿಸೋಣ. ಹಾವು ಬೇಟೆಯ ಪಕ್ಕ ಮಲಗಿ ಅಳತೆ ತೆಗೆಯುವುದಿಲ್ಲ. ಹೆಬ್ಬಾವಿನ ಜಾತಿಯವು ಹೊಂಚು ಹಾಕಿ ಬೇಟೆಯಾಡುತ್ತವೆ. ಸುರುಳಿ ಸುತ್ತಿ ಕೂತು, ಬೇಟೆ ಹತ್ತಿರ ಬಂದಾಗ ಒಮ್ಮೆಲೇ ಹಿಡಿಯುತ್ತವೆ. ದಿನಗಟ್ಟಲೆ ಮುಂಚೆ ಹೊಟ್ಟೆ ಖಾಲಿ ಮಾಡಿಕೊಂಡು ಯೋಜನೆ ಹಾಕುವ ಅಭ್ಯಾಸ ಯಾವ ಹಾವಿಗೂ ಇಲ್ಲ. ಬಾಲ್ ಪೈಥಾನ್ ಬೆಳೆದರೂ ಸಾಮಾನ್ಯವಾಗಿ ಮೂರರಿಂದ ಐದು ಅಡಿ. ಇಲಿ ಗಾತ್ರದ ಪ್ರಾಣಿ ನುಂಗುವ ಬಾಯಿ ಅದು, ಮಗುವನ್ನೂ ನುಂಗಲಾರದು. ಆದ್ದರಿಂದ ಈ ಫಾರ್ವರ್ಡ್ ಸುಳ್ಳು. (ದೊಡ್ಡ ಜಾತಿಯ ಹೆಬ್ಬಾವುಗಳ ಮಾತು ಬೇರೆ. ಇಂಡೊನೇಷ್ಯಾದಲ್ಲಿ ರೆಟಿಕ್ಯುಲೇಟೆಡ್ ಪೈಥಾನ್ ಮನುಷ್ಯರನ್ನು ನುಂಗಿದ ಪ್ರಕರಣಗಳಿವೆ. ಅಲ್ಲೂ ಅಳತೆಯ ಕಥೆ ಇಲ್ಲ.)

ಹಾಗಾದರೆ ಅದು ತಿನ್ನುತ್ತಿಲ್ಲ ಏಕೆ?

ಆ ಬಟ್ಟಲಲ್ಲಿರುವುದು ಆಹಾರ ಎಂದೇ ಅದಕ್ಕೆ ಗೊತ್ತಾಗಿಲ್ಲ. ಹಾವು ಆಹಾರವನ್ನು ಗುರುತಿಸುವುದು ಮುಖ್ಯವಾಗಿ ವಾಸನೆಯಿಂದ. ಸೀಳು ನಾಲಿಗೆ ಹೊರಚಾಚಿದಾಗ ಗಾಳಿಯ, ನೆಲದ ವಾಸನೆಯ ಕಣಗಳು ಅಂಟಿಕೊಳ್ಳುತ್ತವೆ. ಬಾಯಿಯ ಮೇಲ್ಭಾಗದಲ್ಲಿರುವ ಜೇಕಬ್ಸನ್ ಅಂಗ ಅವನ್ನು ಓದುತ್ತದೆ. ಬಾಲ್ ಪೈಥಾನ್‌ಗೆ ತುಟಿಯ ಅಂಚಿನಲ್ಲಿ ಶಾಖ ಗ್ರಹಿಸುವ ಸಣ್ಣ ಗುಳಿಗಳೂ ಇವೆ. ಇಲಿಯ ವಾಸನೆಯೂ ಇಲ್ಲದ, ಮೈಬಿಸಿಯೂ ಇಲ್ಲದ ಕೋಳಿ ತುಂಡು ಅದರ ಪಾಲಿಗೆ ಕಲ್ಲಿನಂತೆ.

ಈ ರುಚಿ ಹುಟ್ಟಿನಿಂದಲೇ ಬರಬಹುದು. ಗೋರ್ಡನ್ ಬರ್ಗಾರ್ಟ್ ಎಂಬ ಅಮೆರಿಕದ ವಿಜ್ಞಾನಿ, ಒಮ್ಮೆಯೂ ಊಟ ಮಾಡಿರದ ಹಾವಿನ ಮರಿಗಳ ಮುಂದೆ ಬೇರೆ ಬೇರೆ ಪ್ರಾಣಿಗಳ ಮೈವಾಸನೆ ಅದ್ದಿದ ಹತ್ತಿಯನ್ನು ಹಿಡಿದರು. ತಮ್ಮ ಜಾತಿ ಸಹಜವಾಗಿ ತಿನ್ನುವ ಪ್ರಾಣಿಯ ವಾಸನೆ ಬಂದಾಗ ಮರಿಗಳು ಜೋರಾಗಿ ನಾಲಿಗೆ ಆಡಿಸಿದವು, ಹತ್ತಿಯ ಮೇಲೇ ಎರಗಿದವು. 1967ರಲ್ಲಿ ಈ ಫಲಿತಾಂಶ ‘ಸೈನ್ಸ್’ ಪತ್ರಿಕೆಯಲ್ಲಿ ಬಂತು. ಮುಂದೆ ಸ್ಟೀವನ್ ಆರ್ನಾಲ್ಡ್ ಕ್ಯಾಲಿಫೋರ್ನಿಯಾದ ಗಾರ್ಟರ್ ಹಾವುಗಳಲ್ಲಿ ಇನ್ನೊಂದು ಸಂಗತಿ ಕಂಡರು. ಒಂದೇ ಜಾತಿಯಾದರೂ, ಗೊಂಡೆಹುಳು ಹೇರಳವಾಗಿರುವ ಕರಾವಳಿಯ ಹಾವಿನ ಮರಿಗಳು ಅದನ್ನು ತಿನ್ನುತ್ತಿದ್ದವು, ಒಳನಾಡಿನ ಮರಿಗಳಲ್ಲಿ ಬಹಳಷ್ಟು ಮುಟ್ಟುತ್ತಿರಲಿಲ್ಲ.

ನಮ್ಮ ಹತ್ತಿರದ ಉದಾಹರಣೆ ಕಾಳಿಂಗ ಸರ್ಪ. 2005ರಲ್ಲಿ ರೊಮುಲಸ್ ವಿಟೇಕರ್ ಆರಂಭಿಸಿದ ಆಗುಂಬೆಯ ಮಳೆಕಾಡು ಸಂಶೋಧನಾ ಕೇಂದ್ರ ಈ ಹಾವಿನ ಅಧ್ಯಯನಕ್ಕೇ ಹೆಸರಾಗಿದೆ. ಪಶ್ಚಿಮ ಘಟ್ಟದ ಕಾಳಿಂಗ ಬೇರೆಯೇ ಪ್ರಭೇದ ಎಂದು 2024ರಲ್ಲಿ ಗುರುತಿಸಿದಾಗ ಅದಕ್ಕೆ ‘ಒಫಿಯೋಫೇಗಸ್ ಕಾಳಿಂಗ’ ಎಂದು ನಮ್ಮ ಕನ್ನಡದ ಹೆಸರನ್ನೇ ಇಟ್ಟರು. ಒಫಿಯೋಫೇಗಸ್ ಎಂದರೆ ಹಾವು ತಿನ್ನುವುದು ಎಂದರ್ಥ. ಕೇರೆ, ನಾಗರ, ಮಂಡಲದ ಹಾವುಗಳೇ ಅದರ ಊಟ. ಮೃಗಾಲಯಗಳಲ್ಲಿ ದಿನವೂ ಹಾವು ಎಲ್ಲಿಂದ ತರುವುದು? ಅದಕ್ಕೇ ಪಾಲಕರು ಸತ್ತ ಇಲಿಗೆ ಹಾವಿನ ಮೈವಾಸನೆ ಸವರಿ ಕೊಡುತ್ತಾರೆ. ಕಾಳಿಂಗ ಅದನ್ನು ಹಾವು ಎಂದುಕೊಂಡು ನುಂಗುತ್ತದೆ. ಸಲದಿಂದ ಸಲಕ್ಕೆ ಸವರುವ ವಾಸನೆ ಕಡಿಮೆ ಮಾಡುತ್ತಾ ಹೋದರೆ ಕೊನೆಗೆ ಬರೀ ಇಲಿಯೇ ಒಗ್ಗುತ್ತದೆ.

ಮನೆಯಲ್ಲೂ ಇದೇ ಉಪಾಯ ನಡೆಯುತ್ತದೆಯೇ?

ನಡೆಯುತ್ತದೆ. ಆದರೆ ಆಹಾರ ಬದಲಿಸುವ ಮೊದಲು ಪೆಟ್ಟಿಗೆಯನ್ನು ನೋಡಿ. ಬಾಲ್ ಪೈಥಾನ್ ಆಫ್ರಿಕಾದ ಹಾವು, ಅಲ್ಲಿ ಬಿಲ ಮತ್ತು ಹುತ್ತಗಳಲ್ಲಿ ಅಡಗಿರುತ್ತದೆ. ಪೆಟ್ಟಿಗೆಯ ಒಂದು ಬದಿ ಸುಮಾರು 31–32 ಡಿಗ್ರಿ ಸೆಲ್ಸಿಯಸ್, ಇನ್ನೊಂದು ಬದಿ 25–27 ಡಿಗ್ರಿ ಇರಬೇಕು. ಎರಡೂ ಕಡೆ ಮೈ ಪೂರ್ತಿ ಮುಚ್ಚುವಂಥ ಅಡಗುತಾಣ ಬೇಕು. ತೋರಣಗಲ್ಲು, ಕುರೆಕುಪ್ಪದ ಕಡೆ ಏಪ್ರಿಲ್-ಮೇ ತಿಂಗಳಲ್ಲಿ ಹೊರಗಿನ ಬಿಸಿಲೇ 40 ಡಿಗ್ರಿ ಮುಟ್ಟುತ್ತದೆ. ತಗಡಿನ ಮನೆಯಲ್ಲಿಟ್ಟ ಗಾಜಿನ ಪೆಟ್ಟಿಗೆ ಅದಕ್ಕೆ ಒಲೆಯಾಗುತ್ತದೆ. ಬಿಸಿಗೆ ಮೈ ಚಾಚಿ ಮಲಗಿದ ಹಾವನ್ನೇ ಯಾರೋ ‘ಅಳತೆ ತೆಗೆಯುತ್ತಿದೆ’ ಎಂದಿರಲೂಬಹುದು! ಚಳಿಗಾಲದಲ್ಲಿ ಕರೆಂಟ್ ಹೋಗಿ ಹೀಟ್ ಮ್ಯಾಟ್ ತಣ್ಣಗಾದರೂ ಅದು ಊಟ ಬಿಡುತ್ತದೆ, ಏಕೆಂದರೆ ಮೈ ಬೆಚ್ಚಗಿಲ್ಲದಿದ್ದರೆ ಹಾವಿಗೆ ಜೀರ್ಣವಾಗುವುದಿಲ್ಲ. ಹೊಸ ಮನೆಗೆ ಬಂದಾಗ, ಪೊರೆ ಬಿಡುವ ಮುನ್ನ, ಗಂಡು-ಹೆಣ್ಣು ಕೂಡುವ ಕಾಲದಲ್ಲಿಯೂ ಇವು ಉಪವಾಸ ಕೂರುತ್ತವೆ. ಆರೋಗ್ಯವಾಗಿರುವ ದೊಡ್ಡ ಹಾವು ತಿಂಗಳುಗಟ್ಟಲೆ ಹಾಗಿರಬಲ್ಲದು.

ಇನ್ನು ಆಹಾರಕ್ಕೆ ಬರೋಣ. ಕನ್ನಡದಲ್ಲಿ ಮೌಸ್, ರ‍್ಯಾಟ್ ಎರಡನ್ನೂ ನಾವು ಇಲಿ ಎಂದೇ ಕರೆದು ಸುಮ್ಮನಾಗುತ್ತೇವೆ. ಹಾವಿನ ನಾಲಿಗೆಗೆ ಅವು ಎರಡು ಬೇರೆ ಪ್ರಾಣಿಗಳು. ಮೌಸ್ ತಿಂದು ಬೆಳೆದದ್ದು ರ‍್ಯಾಟ್ ಮುಟ್ಟದಿರುವುದು ಸಾಕುವವರೆಲ್ಲರ ಸಾಮಾನ್ಯ ದೂರು. ಹಳೆಯ ಇಲಿಯ ಪಂಜರದಲ್ಲಿ ಹಾಸಿದ್ದ ಮರದ ಹೊಟ್ಟನ್ನು ಹೊಸ ಇಲಿಯ ಮೈಗೆ, ಮುಖ್ಯವಾಗಿ ಮೂತಿಗೆ, ಉಜ್ಜಿ ಕೊಡಿ. ಜೀವಂತ ಇಲಿಗೆ ಒಗ್ಗಿದ್ದರೆ ನೇರವಾಗಿ ಫ್ರಿಜ್‌ನ ಇಲಿಗೆ ಜಿಗಿಯಬೇಡಿ, ನಡುವೆ ಆಗತಾನೇ ಸತ್ತದ್ದನ್ನು ಕೊಟ್ಟು ನೋಡಿ. ಫ್ರೀಜ್ ಮಾಡಿದ್ದನ್ನು ಮೊದಲು ಫ್ರಿಜ್‌ನ ಕೆಳಭಾಗದಲ್ಲಿ ಕರಗಿಸಿ, ಆಮೇಲೆ ಪ್ಲಾಸ್ಟಿಕ್ ಚೀಲದಲ್ಲಿಟ್ಟು ಬಿಸಿನೀರಿನಲ್ಲಿ ಮುಳುಗಿಸಿ, ಜೀವಂತ ಇಲಿಯ ಮೈಬಿಸಿ ಬರುವವರೆಗೆ ಕಾಯಿಸಿ. ಮೈಕ್ರೋವೇವ್ ಬೇಡ, ಹೊರಗೆ ಬೆಂದು ಒಳಗೆ ಮಂಜುಗಡ್ಡೆ ಉಳಿಯುತ್ತದೆ. ಹಾವಿನ ಮೈಯ ದಪ್ಪ ಭಾಗಕ್ಕಿಂತ ಇಲಿ ದಪ್ಪವಿರಬಾರದು. ಕತ್ತಲಾದ ಮೇಲೆ ಉದ್ದದ ಚಿಮಟದಲ್ಲಿ ಹಿಡಿದು ನಿಧಾನಕ್ಕೆ ಅಲುಗಾಡಿಸಿ. ಹಿಡಿಯದಿದ್ದರೆ ಅಡಗುತಾಣದ ಬಾಯಲ್ಲಿಟ್ಟು ಬಾಗಿಲು ಹಾಕಿ ಹೋಗಿ. ಬೆಳಿಗ್ಗೆಯೂ ಹಾಗೇ ಇದ್ದರೆ ಎಸೆದು, ಒಂದು ವಾರ ಹಾವಿನ ತಂಟೆಗೆ ಹೋಗಬೇಡಿ. ದಿನಾ ಮೂತಿಗೆ ಹಿಡಿದು ಪೀಡಿಸಿದರೆ ಬೆದರಿ ಇನ್ನಷ್ಟು ದೂರ ಸರಿಯುತ್ತದೆ.

ಜೀವಂತ ಇಲಿಯನ್ನು ಒಳಗೆ ಬಿಟ್ಟು ಮಲಗುವುದು ಅಪಾಯ. ಹಸಿದ ಇಲಿ ಹಾವಿನ ಬೆನ್ನನ್ನೇ ಕಚ್ಚಿ ತಿಂದ ಉದಾಹರಣೆಗಳಿವೆ. ಕಂಪ್ಲಿ-ಹೊಸಪೇಟೆಯ ಭತ್ತದ ಗದ್ದೆಯಲ್ಲೋ ಗೋದಾಮಿನಲ್ಲೋ ಹಿಡಿದ ಹೆಗ್ಗಣ, ಇಲಿ ಹಾಕಬೇಡಿ, ಪಾಷಾಣ ತಿಂದದ್ದಾದರೆ ಹಾವೂ ಸಾಯಬಹುದು. ಬಾಯಿ ಬಿಡಿಸಿ ತುರುಕುವ ವಿಡಿಯೋಗಳನ್ನು ನೋಡಿ ಕಲಿಯಬೇಡಿ, ಅದು ವೈದ್ಯರ ಕೆಲಸ. ವಾರಕ್ಕೊಮ್ಮೆ ಅಡುಗೆ ತಕ್ಕಡಿಯಲ್ಲದ ಬೇರೆ ತಕ್ಕಡಿಯಲ್ಲಿ ತೂಕ ಬರೆದಿಡಿ. ತೂಕ ನಿಂತಿದ್ದರೆ ಕಾಯಬಹುದು. ಹತ್ತರಲ್ಲೊಂದು ಪಾಲು ಇಳಿದರೆ, ಬಾಯಲ್ಲಿ ಲೋಳೆ ಕಂಡರೆ, ಉಸಿರಾಟದಲ್ಲಿ ಸದ್ದು ಬಂದರೆ ಹಾವು ನೋಡಿ ಅನುಭವವಿರುವ ಪಶುವೈದ್ಯರಿಗೆ ತೋರಿಸಿ. ಮುಟ್ಟಿದ ಮೇಲೆ ಸೋಪಿನಿಂದ ಕೈ ತೊಳೆಯಿರಿ. ಹಾವುಗಳ ಮಲದಲ್ಲಿ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರಬಹುದು, ಮಕ್ಕಳಿರುವ ಮನೆಯಲ್ಲಿ ಭಯಪಡಬೇಕಾದದ್ದು ಇದಕ್ಕೆ.

ಹಾಲು ಕೊಟ್ಟರೆ ಆಗುವುದೇ?

ಆಗದು. ಹಾಲು ಹಾವಿನ ಆಹಾರವಲ್ಲ, ಅದಕ್ಕೆ ಜೀರ್ಣವೂ ಆಗುವುದಿಲ್ಲ. ನಾಗರ ಪಂಚಮಿಗೆ ಹಾವಾಡಿಗರ ಬುಟ್ಟಿಯ ನಾಗರ ಹಾಲು ಕುಡಿಯುವುದು ಬಾಯಾರಿಕೆಯಿಂದ. ದಿನಗಟ್ಟಲೆ ನೀರಿಲ್ಲದೆ ಇಟ್ಟರೆ ಎದುರಿಗಿದ್ದ ಯಾವ ದ್ರವಕ್ಕೂ ಅದು ಬಾಯಿ ಹಾಕುತ್ತದೆ. ಕುರೆಕುಪ್ಪದ ಬಟ್ಟಲಿಗೂ ನೀರು ಸಾಕು.

ಸಾಕುವುದು ಕಾನೂನುಬದ್ಧವೇ?

ನಾಗರ, ಕೇರೆ, ನಮ್ಮ ಹೆಬ್ಬಾವು ಸೇರಿದಂತೆ ಇಲ್ಲಿನ ಕಾಡುಹಾವುಗಳನ್ನು ಹಿಡಿದು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ‘ಎರಡು ತಲೆ ಹಾವು’ ಕೋಟಿ ಬೆಲೆಗೆ ಹೋಗುತ್ತದೆಂದು ನಂಬಿ, ಮಣ್ಣುಮುಕ್ಕ ಹಾವನ್ನು ಚೀಲದಲ್ಲಿಟ್ಟುಕೊಂಡು ಗಿರಾಕಿಗೆ ಕಾಯುತ್ತಾ ಸಿಕ್ಕಿಬಿದ್ದವರ ಸುದ್ದಿ ಕರ್ನಾಟಕದಲ್ಲಿ ಪದೇ ಪದೇ ಬರುತ್ತದೆ. ಅದಕ್ಕಿರುವುದು ಒಂದೇ ತಲೆ. ಬಾಲ್ ಪೈಥಾನ್‌ನಂಥ ವಿದೇಶಿ ಹಾವಿನ ವಿಷಯದಲ್ಲಿ, 2022ರ ತಿದ್ದುಪಡಿ ಮತ್ತು 2024ರ ನಿಯಮಗಳ ಪ್ರಕಾರ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಕಡ್ಡಾಯ. ಮಾರಿದವರಿಂದ ಕಾಗದಪತ್ರ ಕೇಳಿ ಪಡೆಯಿರಿ.

ಇಷ್ಟಾದರೂ ಮನೆಯವರ ಅಂಜಿಕೆ ಹೋಗದಿದ್ದರೆ, ಅಥವಾ ಸಾಕುವುದು ಕೈಲಾಗದಿದ್ದರೆ, ಹಾವನ್ನು ಸಂಡೂರು ಗುಡ್ಡಕ್ಕೋ ದರೋಜಿ ಕಡೆಗೋ ಒಯ್ದು ಬಿಡಬೇಡಿ. ಪೆಟ್ಟಿಗೆಯಲ್ಲಿ ಬೆಳೆದ ಆಫ್ರಿಕಾದ ಹಾವು ಅಲ್ಲಿ ಬದುಕುವುದು ಕಷ್ಟ, ಬದುಕಿದರೆ ಅದರ ರೋಗ, ಹುಣ್ಣೆಗಳು ಇಲ್ಲಿನ ಹಾವುಗಳಿಗೆ ಹರಡಬಹುದು. ಹತ್ತಿರದ ಅರಣ್ಯ ಇಲಾಖೆ ಕಚೇರಿಗೆ ತಿಳಿಸಿ.