ಟ್ಯಾಬ್ಲೆಟ್ ಕಲಿಕೆ: ಕರ್ನಾಟಕ ಮತ್ತು ಕೆಜಿಎಫ್–ಬಂಗಾರಪೇಟೆ ಸೀಮೆ

ವಿದ್ಯಾರ್ಥಿಗೆ ಟ್ಯಾಬ್ಲೆಟ್ ಗಣಕವನ್ನು, ಜನರ ಮಾತಿನಲ್ಲಿ ಟ್ಯಾಬನ್ನು, ಕೊಟ್ಟು ಶಾಲೆಯ ಪಾಠವನ್ನೂ ಮನೆಯ ಓದನ್ನೂ ಅದರ ಮೇಲೆಯೇ ನಡೆಸುವ ಪದ್ಧತಿ. ಕರ್ನಾಟಕದಲ್ಲಿ ಇದರ ಬೇರು ಹುಡುಕುತ್ತ ಹೋದರೆ 2001ರ ಸುಮಾರಿಗೆ ಬೆಂಗಳೂರಿನಲ್ಲಿ ರೂಪುಗೊಂಡ ಸಿಂಪ್ಯೂಟರ್ ಎಂಬ ಅಂಗೈ ಗಣಕ ಸಿಗುತ್ತದೆ. ಸರ್ಕಾರವೇ ದೊಡ್ಡ ಸಂಖ್ಯೆಯಲ್ಲಿ ಟ್ಯಾಬ್ ಹಂಚಿದ್ದು ಮಾತ್ರ 2021ರಲ್ಲಿ, ಅದೂ ಕಾಲೇಜು ವಿದ್ಯಾರ್ಥಿಗಳಿಗೆ. ನಡುವಿನ ಇಪ್ಪತ್ತು ವರ್ಷಗಳಲ್ಲಿ ಆದದ್ದೇನು, ಆಗದೇ ಉಳಿದದ್ದೇನು ಎಂಬುದನ್ನು ನೋಡಲು ಕೋಲಾರ ಜಿಲ್ಲೆಯ ಚಿನ್ನದ ಗಣಿ ಸೀಮೆ ತಕ್ಕ ಜಾಗ.

ಸೀಮೆ

ಮಾರಿಕುಪ್ಪಂ ಬಳಿಯ ಮೈಸೂರು ಮೈನ್ಸ್, ಚಾಂಪಿಯನ್ ರೀಫ್, ಊರಿಗಾಂ, ನಂದಿದುರ್ಗ ಗಣಿಗಳ ಸುತ್ತ ಬೆಳೆದ ಊರು ಕೆಜಿಎಫ್ (ಕೋಲಾರ ಗೋಲ್ಡ್ ಫೀಲ್ಡ್ಸ್). ಆಡಳಿತದ ಲೆಕ್ಕದಲ್ಲಿ ಅದು ಬಹುಕಾಲ ಬಂಗಾರಪೇಟೆ ತಾಲ್ಲೂಕಿನ ಭಾಗವಾಗಿತ್ತು, ಪ್ರತ್ಯೇಕ ತಾಲ್ಲೂಕಾದದ್ದು ಈಚೆಗೆ. ಹೊಸ ಯಂತ್ರ ಇಲ್ಲಿಗೆ ತಡವಾಗಿ ಬಂತು ಎನ್ನುವಂತಿಲ್ಲ. ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ತಂತಿ ಎಳೆದು 1902ರಲ್ಲಿ ಗಣಿಗೆ ವಿದ್ಯುತ್ ತಂದರು. ಬೆಂಗಳೂರಿನ ಬೀದಿಗಳಿಗೆ ದೀಪ ಬಂದದ್ದು ಅದಾದ ಮೂರು ವರ್ಷಕ್ಕೆ. ಆದರೆ ಆ ತಂತಿಯನ್ನು ಎಳೆದದ್ದು ಗಣಿಯ ಯಂತ್ರಗಳಿಗಾಗಿ, ಕಾರ್ಮಿಕರ ಮಕ್ಕಳ ಓದಿಗಾಗಿ ಅಲ್ಲ ಎಂಬುದನ್ನು ನೆನಪಿಡಬೇಕು.

ಗಣಿಗಳನ್ನು ನಡೆಸುತ್ತಿದ್ದ ಜಾನ್ ಟೇಲರ್ ಕಂಪನಿಯ ಕಾಲ ಮುಗಿದು, ರಾಷ್ಟ್ರೀಕರಣವೂ ಆಗಿ, ಕೊನೆಗೆ ಭಾರತ್ ಗೋಲ್ಡ್ ಮೈನ್ಸ್ 2001ರ ಫೆಬ್ರುವರಿ ಕೊನೆಗೆ ಕೆಲಸ ನಿಲ್ಲಿಸಿತು. ಉಳಿದದ್ದು ಸೈನೈಡ್ ಮಣ್ಣಿನ ದಿಬ್ಬಗಳು ಮತ್ತು ಕಾರ್ಮಿಕರ ಸಾಲುಸಾಲು ಲೈನ್ ಮನೆಗಳು. ದುಡಿಯುವವರು ಮಾರಿಕುಪ್ಪಂನಿಂದ ಹೊರಡುವ ಬೆಳಗಿನ ರೈಲು ಹಿಡಿದು, ಬಂಗಾರಪೇಟೆ ಮೇಲೆ ಬೆಂಗಳೂರಿಗೆ ಹೋಗಿ ರಾತ್ರಿ ಮರಳುವುದು ರೂಢಿಯಾಯಿತು. ಅನೇಕ ಮನೆಗಳಲ್ಲಿ ಆಡುವ ಮಾತು ತಮಿಳು ಅಥವಾ ತೆಲುಗು. ಶಾಲೆಗಳಲ್ಲಿ ಕನ್ನಡ, ಇಂಗ್ಲಿಷ್, ತಮಿಳು, ಉರ್ದು ಎಲ್ಲವೂ ಉಂಟು. ಒಂದು ಕೋಣೆ, ಒಂದು ಅಡುಗೆಮನೆಯ ಲೈನ್ ಮನೆಯಲ್ಲಿ ನಾಲ್ಕೈದು ಜನರ ನಡುವೆ ಕೂತು ಓದುವ ಮಗುವಿಗೆ ‘ಮನೆಯಲ್ಲಿ ಕಲಿಕೆ’ ಎಂದರೇನು ಎಂದು ಯೋಜನೆ ಬರೆಯುವವರು ಮೊದಲು ಕೇಳಿಕೊಳ್ಳಬೇಕಿತ್ತು.

ಹಂಚಿಕೊಳ್ಳುವ ಯಂತ್ರದಿಂದ ಆಕಾಶ್‌ವರೆಗೆ

ಮಕ್ಕಳ ಕೈಗೆ ಪುಸ್ತಕದಷ್ಟು ದೊಡ್ಡ ಗಣಕ ಕೊಡುವ ಕಲ್ಪನೆಯನ್ನು ಅಮೆರಿಕದ ಅಲನ್ ಕೇ 1972ರಲ್ಲೇ ‘ಡೈನಾಬುಕ್’ ಎಂಬ ಹೆಸರಿನಲ್ಲಿ ಕಾಗದದ ಮೇಲೆ ಇಟ್ಟಿದ್ದರು. ಅದು ಕಾಗದದಲ್ಲೇ ಉಳಿಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್ ಅವರು ಎನ್‌ಕೋರ್ ಸಾಫ್ಟ್‌ವೇರ್‌ನ ವಿನಯ್ ದೇಶಪಾಂಡೆ ಅವರ ಜೊತೆಗೂಡಿ ರೂಪಿಸಿದ ಸಿಂಪ್ಯೂಟರ್ ಬಡವರಿಗೆಂದೇ ಹುಟ್ಟಿದ ಯಂತ್ರ. ಅಂಗೈಯಗಲದ ಪರದೆಯ ಮೇಲೆ ಕಡ್ಡಿಯಿಂದ ಮುಟ್ಟಿ ಬಳಸಬೇಕಿತ್ತು. ಬರೆದದ್ದನ್ನು ಓದಿ ಹೇಳುವ ‘ಧ್ವನಿ’ ಎಂಬ ತಂತ್ರಾಂಶವನ್ನು ಇದಕ್ಕಾಗಿ ಹಿಂದಿಯ ಜೊತೆಗೆ ಕನ್ನಡಕ್ಕೂ ಸಿದ್ಧಪಡಿಸಿದ್ದರು. ಓದಲು ಬಾರದವರೂ ಬಳಸಲಿ ಎಂಬ ಆಸೆ ಅದು.

ಸಿಂಪ್ಯೂಟರಿನ ಇನ್ನೊಂದು ಗುಣ ಇಂದಿಗೂ ಗಮನಿಸತಕ್ಕದ್ದು. ಒಂದೇ ಯಂತ್ರವನ್ನು ಊರಿನ ಹಲವರು ಬಳಸಲೆಂದು ಅದರಲ್ಲಿ ಸ್ಮಾರ್ಟ್ ಕಾರ್ಡ್ ತೂರಿಸುವ ಸಂದು ಇತ್ತು. ನನ್ನ ಕಾರ್ಡ್ ಹಾಕಿದರೆ ನನ್ನ ಕಡತ, ನಿಮ್ಮದು ಹಾಕಿದರೆ ನಿಮ್ಮದು. ಭಾರತ್ ಎಲೆಕ್ಟ್ರಾನಿಕ್ಸ್ ತಯಾರಿಸಿದ ಸಿಂಪ್ಯೂಟರ್ 2004ರ ಮಾರ್ಚ್‌ನಲ್ಲಿ ‘ಅಮಿಡಾ’ ಹೆಸರಿನಲ್ಲಿ ಮಾರುಕಟ್ಟೆಗೆ ಬಂದಾಗ ಬೆಲೆ ಹತ್ತು ಸಾವಿರ ರೂಪಾಯಿಯ ಆಸುಪಾಸಿನಿಂದ ಆರಂಭ. ಮಾರಾಟವಾದದ್ದು ಕೆಲವೇ ಸಾವಿರ. ಸರ್ಕಾರಗಳು ದೊಡ್ಡ ಆರ್ಡರ್ ಕೊಡಲಿಲ್ಲ, ಅಷ್ಟರಲ್ಲಿ ಮೊಬೈಲ್ ಫೋನ್ ಅಗ್ಗವಾಯಿತು. ಶಾಲೆಗಳಿಗೆ ಅದು ದೊಡ್ಡ ಪ್ರಮಾಣದಲ್ಲಿ ತಲುಪಲಿಲ್ಲ. ಹಂಚಿಕೊಂಡು ಬಳಸುವ ಆ ಆಲೋಚನೆಯನ್ನು ಮುಂದಿನ ಯೋಜನೆಗಳು ಮರೆತದ್ದು ಯಂತ್ರ ಸೋತದ್ದಕ್ಕಿಂತ ದೊಡ್ಡ ನಷ್ಟ.

ಶಾಲೆಗಳಲ್ಲಿ ಆ ಹೊತ್ತಿಗೆ ನಡೆಯುತ್ತಿದ್ದುದು ಬೇರೆಯೇ. 2001–02ರ ‘ಮಾಹಿತಿ ಸಿಂಧು’ ಯೋಜನೆಯಲ್ಲಿ ಒಂದು ಸಾವಿರ ಸರ್ಕಾರಿ ಪ್ರೌಢಶಾಲೆಗಳಿಗೆ ಕಂಪ್ಯೂಟರ್ ಕೊಠಡಿ ಬಂತು. ಅಜೀಂ ಪ್ರೇಮ್‌ಜಿ ಪ್ರತಿಷ್ಠಾನ ಹಿರಿಯ ಪ್ರಾಥಮಿಕ ಶಾಲೆಗಳಲ್ಲಿ ಗಣಕ ಕಲಿಕಾ ಕೇಂದ್ರಗಳನ್ನು ತೆರೆದು ಕನ್ನಡದಲ್ಲೂ ಪಾಠದ ಸಿಡಿಗಳನ್ನು ಮಾಡಿತು. 2004ರ ಸೆಪ್ಟೆಂಬರ್‌ನಲ್ಲಿ ಹಾರಿದ ಎಜುಸ್ಯಾಟ್ ಉಪಗ್ರಹದ ಪಾಠಗಳು ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳ ಟಿ.ವಿ.ಗಳಲ್ಲಿ ಮೂಡಿದವು. ಆಕಾಶವಾಣಿಯ ‘ಕೇಳಿ ಕಲಿ’ಯೂ ಇತ್ತು. ಇವೆಲ್ಲ ಶಾಲೆಯ ಗೋಡೆಯೊಳಗಿನ ಸೌಲಭ್ಯಗಳು. ಗಂಟೆ ಹೊಡೆದ ಮೇಲೆ ಕೊಠಡಿಗೆ ಬೀಗ, ಯು.ಪಿ.ಎಸ್. ಬ್ಯಾಟರಿ ಸತ್ತರೆ ಬೇಸಿಗೆ ರಜೆ ಕಳೆದರೂ ಬೀಗ.

ಮಗುವಿಗೊಂದು ಲ್ಯಾಪ್‌ಟಾಪ್ ಎಂಬ ಅಮೆರಿಕದ ಯೋಜನೆಗೆ ಭಾರತದ ಶಿಕ್ಷಣ ಸಚಿವಾಲಯ 2006ರಲ್ಲಿ ಒಲ್ಲೆ ಎಂದಿತು. ಐದು ವರ್ಷ ಕಳೆದ ಮೇಲೆ ತನ್ನದೇ ಉತ್ತರ ಕೊಟ್ಟಿತು: 2011ರ ಅಕ್ಟೋಬರ್ 5ರಂದು ಕಪಿಲ್ ಸಿಬಲ್ ಬಿಡುಗಡೆ ಮಾಡಿದ ‘ಆಕಾಶ್’ ಟ್ಯಾಬ್. ಸರ್ಕಾರಕ್ಕೆ ಬಿದ್ದ ಬೆಲೆ 2,276 ರೂಪಾಯಿ. ಜಗತ್ತಿನ ಅತಿ ಅಗ್ಗದ ಟ್ಯಾಬ್ ಎಂದು ಪತ್ರಿಕೆಗಳು ಕೊಂಡಾಡಿದವು. ಬಳಸಿದವರು ನಿಧಾನವನ್ನೂ ಬೇಗ ಮುಗಿಯುವ ಬ್ಯಾಟರಿಯನ್ನೂ ದೂರಿದರು. ಅದರೊಳಗಿದ್ದುದು ಆಂಡ್ರಾಯ್ಡ್ 2.2. ಕನ್ನಡದ ಒತ್ತಕ್ಷರ, ಗುಣಿತಾಕ್ಷರಗಳನ್ನು ಸರಿಯಾಗಿ ಜೋಡಿಸಿ ತೋರಿಸುವ ಶಕ್ತಿ ಆಂಡ್ರಾಯ್ಡ್‌ಗೆ ಬಂದದ್ದೇ 2012ರ 4.1ನೇ ಆವೃತ್ತಿಯಲ್ಲಿ. ಅಂದರೆ ದೇಶದ ಮಕ್ಕಳಿಗೆಲ್ಲ ಎಂದು ಘೋಷಿಸಿದ ಸಾಧನ ಹೊರಬಂದ ದಿನ ಕನ್ನಡ ಶಾಲೆಯ ಮಗು ಅದರಲ್ಲಿ ತನ್ನ ಹೆಸರನ್ನೂ ನೆಟ್ಟಗೆ ಓದುವಂತಿರಲಿಲ್ಲ. ಬೆಲೆಯ ಬಗ್ಗೆ ನಡೆದ ಚರ್ಚೆಯ ಕಾಲುಭಾಗವೂ ಈ ಬಗ್ಗೆ ನಡೆಯಲಿಲ್ಲ.

ಕೊರೊನಾ ಕಾಲ

2020ರ ಮಾರ್ಚ್‌ನಲ್ಲಿ ಶಾಲೆಗಳು ಮುಚ್ಚಿದವು. ಖಾಸಗಿ ಶಾಲೆಗಳು ಆನ್‌ಲೈನ್ ತರಗತಿ ಶುರು ಮಾಡಿದಾಗ ಜೂನ್‌ನಲ್ಲಿ ರಾಜ್ಯ ಸರ್ಕಾರ ಕೆಳಗಿನ ತರಗತಿಗಳಿಗೆ ಅದನ್ನು ನಿಷೇಧಿಸಿತು. ಜುಲೈ 8ರಂದು ಹೈಕೋರ್ಟ್ ಆ ಆದೇಶಕ್ಕೆ ತಡೆ ಕೊಟ್ಟಿತು. ಅದೇ ತಿಂಗಳ 20ರಿಂದ ದೂರದರ್ಶನದ ಚಂದನ ವಾಹಿನಿಯಲ್ಲಿ ಪ್ರೌಢಶಾಲೆ ಮಕ್ಕಳಿಗೆ ‘ಸಂವೇದ’ ಪಾಠಗಳು ಬರತೊಡಗಿದವು. ಆಗಸ್ಟ್‌ನಲ್ಲಿ ‘ವಿದ್ಯಾಗಮ’ ಬಂತು.

ವಿದ್ಯಾಗಮದ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಏಕೆಂದರೆ ಮಕ್ಕಳ ಮನೆಯಲ್ಲಿ ಯಾವ ಸಾಧನ ಇದೆ ಎಂದು ಸರ್ಕಾರಿ ಶಾಲೆ ಶಿಕ್ಷಕರು ವ್ಯವಸ್ಥಿತವಾಗಿ ವಿಚಾರಿಸಿದ್ದು ಆಗಲೇ. ಇಂಟರ್ನೆಟ್ ಇರುವ ಫೋನು ಉಳ್ಳವರು, ಬರೀ ಮಾತಾಡುವ ಫೋನು ಉಳ್ಳವರು, ಏನೂ ಇಲ್ಲದವರು ಎಂದು ಮಕ್ಕಳನ್ನು ಮೂರು ಗುಂಪು ಮಾಡಿದರು. ಮೇಷ್ಟ್ರು, ಟೀಚರಮ್ಮ ಓಣಿಗೇ ಹೋಗಿ ದೇವಸ್ಥಾನದ ಜಗುಲಿ, ಅರಳಿಕಟ್ಟೆ, ಸಮುದಾಯ ಭವನಗಳಲ್ಲಿ ವಠಾರ ಶಾಲೆ ನಡೆಸಿದರು. ಸೋಂಕು ಹಬ್ಬುವ ಭಯದಿಂದ ಅಕ್ಟೋಬರ್‌ನಲ್ಲಿ ಅದನ್ನು ನಿಲ್ಲಿಸಿ, 2021ರ ಜನವರಿಯಲ್ಲಿ ಶಾಲೆಯ ಆವರಣಕ್ಕೇ ತಂದರು.

ಪ್ರಥಮ್ ಸಂಸ್ಥೆಯ ಅಸರ್ ಸಮೀಕ್ಷೆಯ ಪ್ರಕಾರ 2018ರಲ್ಲಿ ದೇಶದ ಗ್ರಾಮೀಣ ಶಾಲಾ ಮಕ್ಕಳಲ್ಲಿ 36.5 ಶೇಕಡದವರ ಮನೆಯಲ್ಲಿ ಸ್ಮಾರ್ಟ್‌ಫೋನ್ ಇತ್ತು. 2020ರ ಹೊತ್ತಿಗೆ ಅದು 61.8 ಶೇಕಡಕ್ಕೆ ಏರಿತು. ಅಂಕಿ ನೋಡಿದರೆ ಸಮಾಧಾನ ಎನಿಸಬಹುದು. ಆದರೆ ಮನೆಯಲ್ಲಿ ಫೋನ್ ಇರುವುದು ಬೇರೆ, ಮಗುವಿನ ಕೈಗೆ ಅದು ಸಿಗುವುದು ಬೇರೆ. ಅಪ್ಪ ಬೆಳಗಿನ ರೈಲಿಗೆ ಬೆಂಗಳೂರಿಗೆ ಹೋಗುವ ಊರಿನಲ್ಲಿ ಫೋನೂ ಅಪ್ಪನ ಜೇಬಿನಲ್ಲೇ ಹೋಗುತ್ತದೆ. ಅದು ಮರಳುವ ಹೊತ್ತಿಗೆ ಮಗು ಮಲಗಿರುತ್ತದೆ. ಮನೆಯಲ್ಲಿ ತಮಿಳಾಡುವ ಮಗು ಚಂದನದ ಕನ್ನಡ ಪಾಠವನ್ನು, ನಿಲ್ಲಿಸಿ ಕೇಳಲು ಎದುರಿಗೆ ಟೀಚರ್ ಇಲ್ಲದೆ, ಎಷ್ಟು ಹಿಡಿದೀತು ಎಂಬುದು ಇನ್ನೊಂದು ಮಾತು.

ಇದೇ ಅವಧಿಯಲ್ಲಿ ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೆ ಕೇರಳದ ಕೈಟ್ ಸಂಸ್ಥೆ ‘ಫಸ್ಟ್ ಬೆಲ್’ ಪಾಠಗಳನ್ನು ಕನ್ನಡದಲ್ಲೂ ಮಾಡಿಸಿ ಯೂಟ್ಯೂಬ್‌ನಲ್ಲಿ ಒದಗಿಸಿತು. ಅಲ್ಪಸಂಖ್ಯಾತ ಭಾಷೆಯ ಮಕ್ಕಳನ್ನು ಲೆಕ್ಕಕ್ಕೆ ಇಟ್ಟುಕೊಂಡ ಆ ಕ್ರಮವನ್ನು ಮೆಚ್ಚಬೇಕು.

2021ರ ವಿತರಣೆ

2021ರ ಜೂನ್ 23ರಂದು ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ ಟ್ಯಾಬ್ ವಿತರಣೆಗೆ ಚಾಲನೆ ಕೊಟ್ಟರು. ಉನ್ನತ ಶಿಕ್ಷಣ ಖಾತೆ ಉಪಮುಖ್ಯಮಂತ್ರಿ ಸಿ.ಎನ್. ಅಶ್ವತ್ಥನಾರಾಯಣ ಅವರದಾಗಿತ್ತು. ಸರ್ಕಾರಿ ಪ್ರಥಮ ದರ್ಜೆ ಕಾಲೇಜು, ಪಾಲಿಟೆಕ್ನಿಕ್ ಮತ್ತು ಎಂಜಿನಿಯರಿಂಗ್ ಕಾಲೇಜುಗಳ ಸುಮಾರು 1.55 ಲಕ್ಷ ವಿದ್ಯಾರ್ಥಿಗಳಿಗೆ, ಸುಮಾರು 163 ಕೋಟಿ ರೂಪಾಯಿ ವೆಚ್ಚದಲ್ಲಿ. ಭಾಗಿಸಿದರೆ ಒಂದು ಟ್ಯಾಬ್‌ಗೆ ಹತ್ತು ಸಾವಿರ ರೂಪಾಯಿಗೆ ತುಸು ಹೆಚ್ಚು. ಹದಿನೇಳು ವರ್ಷದ ಹಿಂದೆ ದುಬಾರಿಯಾಯಿತೆಂದು ಸಿಂಪ್ಯೂಟರನ್ನು ಬದಿಗಿಟ್ಟದ್ದೂ ಹೆಚ್ಚುಕಡಿಮೆ ಇದೇ ಬೆಲೆಗೆ.

ಆ ವರ್ಷದ ಆರಂಭದಲ್ಲಿ ಸಿದ್ಧಗೊಂಡಿದ್ದ ಕರ್ನಾಟಕ ಎಲ್.ಎಂ.ಎಸ್. ಎಂಬ ಪಾಠ ಭಂಡಾರವನ್ನು ಈ ಟ್ಯಾಬ್‌ಗಳ ಮೂಲಕ ಬಳಸಬೇಕೆಂಬುದು ಉದ್ದೇಶ. ಅದಕ್ಕೂ ಹಿಂದೆ ಲ್ಯಾಪ್‌ಟಾಪ್ ಕೊಡುತ್ತಿದ್ದರು. ಸಾಧನ ಸಣ್ಣದಾದಷ್ಟೂ ಹೆಚ್ಚು ಜನಕ್ಕೆ ಮುಟ್ಟುತ್ತದೆ ಎಂಬ ಲೆಕ್ಕ ಸರಿಯೇ. ಕೆಜಿಎಫ್, ಬಂಗಾರಪೇಟೆ ಎರಡೂ ಕಡೆ ಸರ್ಕಾರಿ ಪ್ರಥಮ ದರ್ಜೆ ಕಾಲೇಜು ಇರುವುದರಿಂದ ಈ ಸೀಮೆಗೂ ಯೋಜನೆ ಅನ್ವಯಿಸುತ್ತಿತ್ತು. ಬಿ.ಎ., ಬಿ.ಕಾಂ. ಓದುವ, ಮನೆಯಲ್ಲಿ ಮೊದಲ ಬಾರಿ ಕಾಲೇಜು ಮೆಟ್ಟಿಲು ಹತ್ತಿದ ಹುಡುಗಿಗೆ ತನ್ನದೇ ಎಂಬ ಒಂದು ಸಾಧನ ಸಿಗುವುದು ಸಣ್ಣ ವಿಷಯವಲ್ಲ. ಅಣ್ಣನ ಫೋನಿಗೆ ಕಾಯಬೇಕಿಲ್ಲ, ಯಾರ ಅನುಮತಿಯೂ ಬೇಕಿಲ್ಲ.

ಆದರೆ ಇಂಥ ವಿತರಣೆಗಳಲ್ಲೆಲ್ಲ ಸಾಧನ ಕೊಂಡ ಲೆಕ್ಕ ಇಡುತ್ತಾರೆ, ಬಳಕೆಯ ಲೆಕ್ಕ ಇಡುವುದಿಲ್ಲ. ರೀಚಾರ್ಜ್ ಯಾರು ಮಾಡಿಸಬೇಕು, ಪರದೆ ಒಡೆದರೆ ಎಲ್ಲಿಗೆ ಒಯ್ಯಬೇಕು, ಮೂರು ವರ್ಷಕ್ಕೆ ತಂತ್ರಾಂಶ ಹಳತಾದಾಗ ಏನು ಮಾಡಬೇಕು ಎಂಬುದಕ್ಕೆ ಸಮಾರಂಭದ ಭಾಷಣಗಳಲ್ಲಿ ಜಾಗವಿಲ್ಲ. ಹೊರದೇಶದಲ್ಲೂ ಕಥೆ ಬೇರೆಯಲ್ಲ. ಲಾಸ್ ಏಂಜಲೀಸ್ ನಗರದ ಶಾಲೆಗಳು 2013ರಲ್ಲಿ ಎಲ್ಲ ಮಕ್ಕಳಿಗೂ ಐಪ್ಯಾಡ್ ಕೊಡಲು ಹೊರಟು ಮರುವರ್ಷವೇ ಹಿಂದೆಗೆದವು. ಪೆರು ದೇಶ ಲಕ್ಷಾಂತರ ಲ್ಯಾಪ್‌ಟಾಪ್ ಹಂಚಿತು, 2012ರ ಅಧ್ಯಯನದಲ್ಲಿ ಗಣಿತ, ಭಾಷೆಯ ಅಂಕಗಳು ಏರಿದ್ದು ಕಾಣಲಿಲ್ಲ. ಉರುಗ್ವೆಯ ‘ಸೇಬಲ್’ ಯೋಜನೆ ಮಾತ್ರ 2007ರಿಂದ ಬಾಳಿ ಬಂದಿದೆ. ಅಲ್ಲಿ ಶಾಲೆಗಳ ಇಂಟರ್ನೆಟ್, ದುರಸ್ತಿ, ಶಿಕ್ಷಕರ ತರಬೇತಿಯನ್ನು ಒಂದೇ ಸಂಸ್ಥೆ ನೋಡಿಕೊಳ್ಳುತ್ತದೆ.

ಗಡಿಯಾಚೆ

ಬಂಗಾರಪೇಟೆಯಿಂದ ಜೋಲಾರ್‌ಪೇಟೆ ಕಡೆ ರೈಲು ಹತ್ತಿದರೆ ಕಾಮಸಮುದ್ರ ದಾಟಿ ಸ್ವಲ್ಪ ಹೊತ್ತಿಗೆ ಆಂಧ್ರದ ಕುಪ್ಪಂ. ಅಲ್ಲಿ ಶಾಲಾ ಮಕ್ಕಳಿಗೇ ಟ್ಯಾಬ್ ಬಂತು. ಆಂಧ್ರ ಸರ್ಕಾರ 2022ರ ಡಿಸೆಂಬರ್ 21ರಿಂದ ಎಂಟನೇ ತರಗತಿಯ ವಿದ್ಯಾರ್ಥಿಗಳಿಗೂ ಅವರ ಶಿಕ್ಷಕರಿಗೂ ಸೇರಿ 5.18 ಲಕ್ಷ ಟ್ಯಾಬ್‌ಗಳನ್ನು, ಬೈಜೂಸ್ ಪಾಠಗಳನ್ನು ಮೊದಲೇ ತುಂಬಿಸಿ, ಹಂಚಿತು. ಮರುವರ್ಷವೂ ಅದೇ ದಿನ, ಮುಖ್ಯಮಂತ್ರಿ ಜಗನ್‌ಮೋಹನ ರೆಡ್ಡಿ ಅವರ ಹುಟ್ಟುಹಬ್ಬದಂದೇ, ಇನ್ನೊಂದು ಸುತ್ತು ಶುರುವಾಯಿತು. ಎಂಟನೇ ತರಗತಿಯಲ್ಲಿ ಕೊಟ್ಟರೆ ಹತ್ತನೆಯವರೆಗೂ ಒದಗುತ್ತದೆ, ಪಾಠ ಒಳಗೇ ಇರುವುದರಿಂದ ಡೇಟಾ ಇಲ್ಲದೆಯೂ ಓದಬಹುದು ಎಂಬ ಯೋಚನೆಯಲ್ಲಿ ಹುರುಳಿತ್ತು. ಒಂದೇ ಖಾಸಗಿ ಕಂಪನಿಯ ಪಾಠವನ್ನು ನೆಚ್ಚಿದ್ದು ಅದರ ದೌರ್ಬಲ್ಯ. ಬೆಂಗಳೂರಿನ ಆ ಕಂಪನಿ 2024ರ ಜುಲೈನಲ್ಲಿ ದಿವಾಳಿ ಪ್ರಕ್ರಿಯೆಗೆ ಒಳಗಾಯಿತು.

ಇಂದಿನ ಸ್ಥಿತಿ

ಕರ್ನಾಟಕದ ಪಠ್ಯಪುಸ್ತಕಗಳಲ್ಲಿ ಈಗ ಕ್ಯೂ.ಆರ್. ಸಂಕೇತಗಳಿವೆ. ಫೋನು ಹಿಡಿದರೆ ದೀಕ್ಷಾ ತಾಣದ ಪಾಠ ತೆರೆಯುತ್ತದೆ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ 2020ರ ನವೆಂಬರ್ 14ರಂದು ಆರಂಭವಾದ ‘ಓದುವ ಬೆಳಕು’ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಟ್ಟಿತು. ಅದರ ಬೆನ್ನಿಗೇ ಬಂದ ‘ಗ್ರಾಮ ಡಿಜಿ ವಿಕಸನ’ ಅನೇಕ ಕಡೆ ಟಿ.ವಿ., ಸ್ಮಾರ್ಟ್‌ಫೋನ್‌ಗಳನ್ನು ಗ್ರಂಥಾಲಯದಲ್ಲೇ ಇರಿಸಿತು. ಒಂದು ಸಾಧನ, ಹಲವು ಮಕ್ಕಳು, ನೋಡಿಕೊಳ್ಳಲು ಒಬ್ಬ ಗ್ರಂಥಪಾಲಕರು. ಸಿಂಪ್ಯೂಟರ್ ರೂಪಿಸಿದವರ ಹಂಚಿಕೆಯ ಯೋಚನೆಗೆ ಇದು ಹತ್ತಿರ, ಖರ್ಚೂ ಕಡಿಮೆ. ತೊಡಕೆಂದರೆ ಇದು ಪಂಚಾಯಿತಿಗಳ ಯೋಜನೆ. ಬಂಗಾರಪೇಟೆ ತಾಲ್ಲೂಕಿನ ಹಳ್ಳಿಗಳು ಇದರ ವ್ಯಾಪ್ತಿಗೆ ಬರುತ್ತವೆ, ಕೆಜಿಎಫ್‌ನ ರಾಬರ್ಟ್‌ಸನ್‌ಪೇಟೆ ನಗರಸಭೆಯ ಲೈನ್‌ಗಳು ಬರುವುದಿಲ್ಲ.

ಇದೇ ಕೋಲಾರ ಜಿಲ್ಲೆಯ ನರಸಾಪುರದ ಕಾರ್ಖಾನೆಯಲ್ಲಿ ಐಫೋನ್‌ಗಳು ಜೋಡಣೆಯಾಗಿ ದೇಶವಿದೇಶಗಳಿಗೆ ಹೋಗುತ್ತವೆ. ಜಿಲ್ಲೆಯ ಸರ್ಕಾರಿ ಪ್ರಾಥಮಿಕ, ಪ್ರೌಢಶಾಲೆಗಳ ಪ್ರತಿ ಮಗುವಿಗೂ ಟ್ಯಾಬ್ ಕೊಡುವ ರಾಜ್ಯ ಯೋಜನೆ ಜಾರಿಗೆ ಬಂದಿಲ್ಲ. ಹಾಗೊಂದು ಯೋಜನೆ ಬರೆಯುವವರು ಟೆಂಡರ್ ಕರೆಯುವ ಮೊದಲು ಚಾಂಪಿಯನ್ ರೀಫ್‌ನ ಲೈನ್ ಮನೆಯೊಂದರಲ್ಲಿ ಸಂಜೆ ಏಳರಿಂದ ಒಂಬತ್ತರವರೆಗೆ ಕೂತು ನೋಡಲಿ.